ಸಂಚಿಕೆ ಮೂವತ್ತೊಂದು

ಶುಕ್ರವಾರ. ನಕಲು ಯಂತ್ರ ಮತ್ತೆ ಕಾಗದ ಕಚ್ಚಿಕೊಂಡಿತು,
ಅದಕ್ಕೇ ಈ ವಾರದ ಹಾಳೆಗೆ ಎಡಗಡೆ ಒಂದು ಕಪ್ಪು ಗೆರೆ.
ಗೆರೆಯನ್ನು ಸುದ್ದಿಯೆಂದು ಓದಬೇಡಿ, ಮಕ್ಕಳೇ.

ಸುದ್ದಿ ಇದು: ಮೇಳಗಾಯನದಲ್ಲಿ ನಮ್ಮ ತರಗತಿಗೆ ನಾಲ್ಕನೇ ಸ್ಥಾನ.
ಹಾಡಿದ್ದೇ ನಾಲ್ಕು ತಂಡ, ಒಪ್ಪಿದೆ.
ಆದರೆ ಕೊನೆಯ ಚರಣದ ನಡುವೆ
ಇಬುಕಿಯ ದನಿ ಫಟ್ಟನೆ ಒಡೆದು ಗಂಡಸಿನದಾಯಿತಲ್ಲ,
ಅದು ಅವನ ಜನ್ಮದಲ್ಲಿ ಒಂದೇ ಸಲ ಆಗುವಂಥದ್ದು,
ರುಮೋಯ್ ಬಂದರಿನ ಅರ್ಧ ಜನ ಕೂತು ಕೇಳಿದರು.
ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ಅಷ್ಟೆ.

ಸ್ಟೋವಿನ ಮೇಲೆ ಕೈಗವಸು ಒಣಗಲಿಟ್ಟವರು ಯಾರೆಂದು ನಾನು ಕೇಳುವುದಿಲ್ಲ.
ಸುಟ್ಟ ಉಣ್ಣೆ ಒಂಟಿ ಕೈ ಎತ್ತಿ ತಾನೇ ಹಾಜರಿ ಹೇಳಿದೆ.
ಗಣಿತ ಪರೀಕ್ಷೆ ಬುಧವಾರ.
ನಿಮ್ಮ ಹೊಟ್ಟೆನೋವು ಮಂಗಳವಾರವೇ ಊರಿಗೆ ಬಂದಿಳಿಯುತ್ತದೆಂದು ಬಲ್ಲೆ.

ಇನ್ನು, ನೀವು ಓದದೆ ಮಡಚಿ ವಿಮಾನ ಮಾಡುವ ಭಾಗ:
ಟೀಚರ ಮೂಲೆ.

ಭಾನುವಾರ ಹಳೆಯ ಹೆರಿಂಗ್ ಗೋದಾಮಿನ ಗೋಡೆಗೆ ಹೋಗಿದ್ದೆ,
ಭೂತಗನ್ನಡಿ ಹಿಡಿದು, ಮೂಗು ಕಲ್ಲಿಗೆ ತಾಗಿಸಿಕೊಂಡು.
ಉಂಗುರ ಕಳೆದುಕೊಂಡಿರಾ ಎಂದರು ಬಸ್ಸಿನ ಹಬುಕಾ ಅವರು.
ಇಲ್ಲ, ಕಲ್ಲುಹೂ ಅಳೆಯುತ್ತಿದ್ದೇನೆ ಎಂದೆ.
ಉಂಗುರವೇ ಆಗಿದ್ದರೆ ಚೆನ್ನಾಗಿತ್ತು ಎಂಬಂತೆ ನೋಡಿದರು.

ಕಲ್ಲುಹೂ ಹೂವಲ್ಲ. ಗಿಡವೂ ಅಲ್ಲ.
ಒಂದು ಪಾಚಿ, ಒಂದು ಬೂಷ್ಟು, ಒಂದೇ ಸೂರು.
ಯಾರು ಮನೆಯೊಡೆಯ, ಯಾರು ಬಾಡಿಗೆ,
ಅವುಗಳಿಗೂ ಈಗ ನೆನಪಿರಲಾರದು.
ನಾನು ಈ ಶಾಲೆಗೆ ಬಂದಾಗ ಅದು ಒಂದು ಯೆನ್ ನಾಣ್ಯದಷ್ಟಿತ್ತು.
ಒಂಬತ್ತು ಚಳಿಗಾಲ ಕಳೆದು ಈಗ ಐದು ಯೆನ್ ನಾಣ್ಯದಷ್ಟು.
ನಾಲ್ಕು ಯೆನ್ ಲಾಭ! ನಗಬೇಡಿ.
ಆ ಐದು ಯೆನ್ನಿನ ಹಿಗ್ಗಲ್ಲೇ ಮನೆಗೆ ನಡೆದುಬಂದೆ.

*

ಹಾಳೆಯಲ್ಲಿ ಬರೆಯದ್ದು:

ಅಚ್ಚಾಗುವುದು ಹದಿನಾಲ್ಕು ಪ್ರತಿ. ತುಂಬುವುದು ಹದಿಮೂರು ಮೇಜು.
ಉಳಿದದ್ದನ್ನು ಕೋಟಿನ ಒಳಜೇಬಲ್ಲಿಟ್ಟು
ಐಸ್ ಕಾರ್ಖಾನೆಯ ಹಿಂದಿನ ದಿಬ್ಬ ಹತ್ತುತ್ತೇನೆ.
ಮೇ ತಿಂಗಳಿಂದ ಇತ್ಸುಕಿ ಶಾಲೆಗೆ ಬಂದಿಲ್ಲ.
ಯಾಕೆಂದು ಅವನ ತಾಯಿಗೂ ತಿಳಿಯದು,
ಮುಖ್ಯೋಪಾಧ್ಯಾಯರ ಕಡತಕ್ಕೂ ತಿಳಿಯದು.
ಮೊದಮೊದಲು ಬಾಗಿಲು ತಟ್ಟುತ್ತಿದ್ದೆ.
ಒಳಗೆ ಯಾರೋ ಉಸಿರು ಹಿಡಿದು ನಿಂತದ್ದು
ಮರದ ಹಲಗೆಯ ಈಚೆಗೂ ಕೇಳುತ್ತಿತ್ತು.
ಆಮೇಲೆ ಬಿಟ್ಟೆ. ಅಂಚೆಡಬ್ಬಿ ಸಾಕು.

ಈ ಶುಕ್ರವಾರ ಡಬ್ಬಿಯಲ್ಲಿ ನನಗಿಂತ ಮೊದಲೇ ಒಂದು ಚೀಟಿ ಇತ್ತು,
ನಮ್ಮದೇ ಹಾಳೆಯ ಅಂಚು ಹರಿದದ್ದು:

'ಗೇಟಿನ ಕಲ್ಲಿನದು ಹದಿನೇಳು ಮಿಲಿಮೀಟರ್.
ಸ್ಕೇಲಿನ ಮೊದಲ ಗೆರೆ ಅಳಿಸಿದೆ. ಹದಿನಾರೂ ಇರಬಹುದು.'

ಹೆಸರಿಲ್ಲ.
ತಿರುಗಿ ನೋಡಿದೆ. ಗೇಟಿನ ಕಲ್ಲಿಗೆ ಮೊಣಕಾಲೆತ್ತರ ಹಿಮ,
ಅಂಗೈಯಗಲ ಮಾತ್ರ ಒರೆಸಿ ತೆಗೆದ ಜಾಗ,
ಅದರ ಮೇಲೆ ಆಗಲೇ ಹೊಸ ಹಿಮ ತೆಳ್ಳಗೆ ಕೂರುತ್ತಿತ್ತು.
ಬರಿಗೈಯಲ್ಲೇ ಒರೆಸಿದ್ದನೋ ಏನೋ.

ತಟ್ಟಲಿಲ್ಲ. ಕೂಗಲಿಲ್ಲ.
ಕಿಟಕಿಯತ್ತ ನೋಡಬಾರದೆಂದು ನೋಡದೆಯೇ ಇಳಿದೆ,
ಜಾರಿ ಒಮ್ಮೆ ಕುಂಡಿಯೂರಿ ಬಿದ್ದೆ.
ಅವನು ನೋಡಿದ್ದರೆ ನಗಲಿ.

ಮೂವತ್ತೆರಡನೇ ಸಂಚಿಕೆಗೆ ಇಷ್ಟು ಬರೆದಿಟ್ಟಿದ್ದೇನೆ:
'ಬಾತ್ಮೀದಾರರೊಬ್ಬರು ಹೊಸ ಕಲ್ಲುಹೂ ವರದಿ ಮಾಡಿದ್ದಾರೆ.
ಅಳತೆ ಹದಿನಾರು ಅಥವಾ ಹದಿನೇಳು,
ಒಂದು ಯೆನ್ನಿಗೂ ಕಡಿಮೆ, ಅಂದರೆ ಬೆಳೆಯಲು ಜಾಗವಿದೆ.'

ಹದಿನಾಲ್ಕನೆಯ ಪ್ರತಿಗೆ ಮಾತ್ರ
ಒಂದು ಸ್ಕೇಲು ಅಂಟಿಸಬೇಕು,
ಮೊದಲ ಗೆರೆ ಇರುವಂಥದ್ದು.
ನನ್ನ ಮೇಜಿನಲ್ಲಿ ಹುಡುಕಿದೆ, ಮೂರು ಸಿಕ್ಕವು.
ಮೂರರದ್ದೂ ಅಳಿಸಿಹೋಗಿದೆ.