ಮೊಳೆಯಿಲ್ಲದ್ದು

ವಾರಕ್ಕೆ ಆರು ದಿನ ಪೀಣ್ಯದಲ್ಲಿ ಕಬ್ಬಿಣ ಕೆತ್ತುತ್ತೇನೆ.
ಹತ್ತು ಮೈಕ್ರಾನು ತಪ್ಪಿದರೆ ಕೆಂಪು ಡಬ್ಬಕ್ಕೆ.
ಏಳನೆಯ ದಿನಕ್ಕೊಂದು ಹಟ ಹಿಡಿದೆ:
ಮೊಳೆಯಿಲ್ಲದೆ, ತಂತಿಯಿಲ್ಲದೆ,
ನೈಲಾನಿನ ಎಳೆಯೂ ಇಲ್ಲದೆ
ಒಂದು ಅಡ್ಡಬಿಲ್ಲು.

ಯಾಕೆ, ಅಂದಳು ಜಲಜ.
ಗೊತ್ತಿದ್ದರೆ ಮಾಡುತ್ತಿರಲಿಲ್ಲ.

ದಿಂಡಿಗೆ ಹೊಂಗೆ. ಏಪ್ರಿಲ್ಲಿನ ಗಾಳಿಗೆ
ಬಸ್‌ಸ್ಟಾಪಿನ ಮೇಲೆ ಬಿದ್ದ ಕೊಂಬೆ,
ಕಾರ್ಪೊರೇಷನ್ನಿನವರು ತುಂಡರಿಸಿ ಬಿಟ್ಟು ಹೋದದ್ದು.
ಸ್ಕೂಟರಿನಲ್ಲಿ ಕಾಲ ನಡುವೆ ನಿಲ್ಲಿಸಿಕೊಂಡು ತಂದೆ.
ಸಿಗ್ನಲ್ಲಿನಲ್ಲಿ ಎಲ್ಲರೂ ನೋಡಿದರು,
ಸೌದೆ ಒಯ್ಯುವವನನ್ನು ಕಂಡು ಎಷ್ಟು ಕಾಲವಾಯಿತೋ.

ಬಿದಿರಿಗೆ ಬಂಬೂ ಬಜಾರು.
ಏಣಿಗಾ, ಚಪ್ಪರಕ್ಕಾ?
ಗಾಳಿಪಟಕ್ಕೆ ಅಂದೆ.
ಈ ದಪ್ಪದ್ದು ಹಾರಲ್ಲ ಸ್ವಾಮಿ, ಅಂತ ನಕ್ಕು
ಗಣ್ಣು ದೂರದೂರ ಇರುವುದನ್ನೇ ಆರಿಸಿ ಕೊಟ್ಟ.

ಹೆದೆಗೆ ಕತ್ತಾಳೆ. ಚಿಕ್ಕಬಾಣಾವರದ ಹಳಿ ಪಕ್ಕ
ಮೂರು ಪಟ್ಟೆ ಕುಯ್ದು
ಬಚ್ಚಲ ಬಕೆಟ್ಟಿನಲ್ಲಿ ಹನ್ನೆರಡು ದಿನ ಕೊಳೆಹಾಕಿದೆ.
ಮೂರನೆಯ ಮಹಡಿಯವರೆಗೂ ನಾತ.
ಓನರು ಹತ್ತಿ ಬಂದರು, ಬಕೆಟ್ಟು ನೋಡಿದರು,
ಏನೂ ಅನ್ನದೆ ಇಳಿದರು. ನನಗೆ ಅದೇ ಭಯ.
ಬಡಿದು, ತೊಳೆದು, ತೊಡೆಯ ಮೇಲೆ ಹೊಸೆದೆ.
ತೊಡೆಯ ಕೂದಲೂ ಸೇರಿಕೊಂಡಿತು;
ಅದೂ ನೈಸರ್ಗಿಕವೇ ಬಿಡಿ.

ಮೊದಲ ಬಿಲ್ಲು ಹೆದೆ ಏರಿಸುವಾಗಲೇ ಮುರಿಯಿತು.
ಸಿಪ್ಪೆಯನ್ನು ಹೊಟ್ಟೆಯ ಕಡೆ ಇಟ್ಟಿದ್ದೆ.
ತನ್ನ ಬೆನ್ನು ಯಾವುದೆಂದು ಬಿದಿರಿಗೆ ಗೊತ್ತಿತ್ತು.
ಎರಡನೆಯದನ್ನು ಗಾಜಿನ ಚೂರಿನಲ್ಲಿ ಹೆರೆದೆ:
ಬಾಗಿಸು, ನೋಡು, ಗಡುಸಾದಲ್ಲಿ ಹೆರೆ,
ಮತ್ತೆ ಬಾಗಿಸು.
ವರ್ನಿಯರು ಜೇಬಲ್ಲೇ ಇತ್ತು. ತೆಗೆಯಲಿಲ್ಲ.

ದಿಂಡಿನಲ್ಲಿ ಹೆದೆ ಕೂರಲೊಂದು ಕಚ್ಚು,
ಕೆಳಗಿನಿಂದೊತ್ತಿದರೆ ಅದನ್ನೆತ್ತಿ ಬಿಡುವ ಹುಣಸೆಗೂಟ.
ಬಾಣದ ತುದಿಗೆ ಬೆಂಕಿ ತೋರಿಸಿದ್ದಷ್ಟೇ.
ಬಾಲಕ್ಕೆ ಪಾರಿವಾಳದ ಗರಿ
(ಲಗ್ಗೆರೆಯಲ್ಲಿ ನೀರಿಗೆ ಬರ, ಇದಕ್ಕಿಲ್ಲ),
ಅಂಟಿಗೆ ಹಲಸಿನ ಮೇಣ.

ಭಾನುವಾರ ನಾಲ್ಕು ಗಂಟೆ, ತಾರಸಿ.
ಗೋಡೆಗೊರಗಿಸಿದ ಹಳೆಯ ಹಾಸಿಗೆಯ ಮೇಲೆ
ಅರಿಶಿನದಲ್ಲೊಂದು ಸುತ್ತು.
ಮೊದಲ ಬಾಣ ಎರಡು ಮಾರಿನಲ್ಲೇ ಬಿತ್ತು;
ಟ್ಯಾಂಕಿನ ಮೇಲಿನ ಪಾರಿವಾಳ ಕತ್ತೂ ತಿರುಗಿಸಲಿಲ್ಲ.
ಎರಡನೆಯದು ಹಾಸಿಗೆ ದಾಟಿತು,
ಗೋಡೆ ದಾಟಿತು,
ಬೀದಿಯೊಳಕ್ಕೆ ಹೋಯಿತು.

ಆಮೇಲೆ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ.
ಕೆಳಗಿನ ಹಾಸಿಗೆ ಅಂಗಡಿಯ ಮಾಬುಸಾಬರು,
ಕೈಯಲ್ಲಿ ನನ್ನ ಬಾಣ.
ಬೈಗುಳಕ್ಕೆ ಕಿವಿ ಸಿದ್ಧಮಾಡಿ ನಿಂತೆ.
"ಆ ಸಪ್ಪಳ ಇನ್ನೊಮ್ಮಿ ಮಾಡ್ರಿ," ಅಂದರು.

ಬಾಣವಿಲ್ಲದೆ ಬಿಟ್ಟರೆ ಬಿಲ್ಲು ಸೀಳುತ್ತದೆ.
ಉಗುರಿನಲ್ಲಿ ಮೀಟಿದೆ.
ಕಣ್ಣು ಮುಚ್ಚಿ ಕೇಳಿದರು.
"ನಮ್ಮಪ್ಪಂದು ಇದಕ್ಕಿಂತ ತಗ್ಗು ದನಿ."
ಆಳುದ್ದದ ಬಿಲ್ಲು ಹೆಗಲಿಗೇರಿಸಿ
ಕುಷ್ಟಗಿ ಸೀಮೆಯ ಊರೂರು ತಿರುಗಿ
ಕಟ್ಟಿಗೆಯ ಕೊಡತಿಯಲ್ಲಿ ನರದ ಹೆದೆ ಬಡಿದು
ಹತ್ತಿ ಹಿಂಜುತ್ತಿದ್ದನಂತೆ ಅಪ್ಪ.
"ಒಂದು ಗುಬ್ಬಿಗೂ ತಾಗಿಲ್ರಿ ಆ ಬಿಲ್ಲು.
ಈಗ ಫೋಮ್ ಬರತೈತಿ. ಬ್ಲೇಡಿಲೆ ಕೊಯ್ಯೋದು.
ಸಪ್ಪಳಿಲ್ಲ."
ಹೆದೆ ಸವರಿ ನೋಡಿ:
"ನಾರು ಒಣಗೈತಿ. ಜೇನುಮೇಣ ತಿಕ್ಕ್ರಿ."

ಜೇನುಮೇಣ ಎಲ್ಲಿಂದ ತರಲಿ?
ಇದ್ದ ಹಲಸಿನದನ್ನೇ ತಿಕ್ಕಿದೆ, ಕೈಯೆಲ್ಲ ಅಂಟು.
ಮೂರನೆಯದು
ಅರಿಶಿನದ ಸುತ್ತಿನಿಂದ ಗೇಣು ಎಡಕ್ಕೆ
ಗರಿಯವರೆಗೂ ಇಳಿಯಿತು.

ಮಾಬುಸಾಬರೇ ಕಿತ್ತರು.
ತುದಿಯಲ್ಲೊಂದು ಹಿಡಿ ಹತ್ತಿ, ಹಳದಿಗಟ್ಟಿದ್ದು.
ಬೆರಳಲ್ಲಿ ಬಿಡಿಸಿ, ಬಿಸಿಲಿಗೆ ಹಿಡಿದು
"ಇದು ಕೈಲೆ ಹಿಂಜಿದ್ದು," ಅಂದರು.
ನಮ್ಮ ಮದುವೆಯ ಹಾಸಿಗೆ ಅಂದಳು ಜಲಜ,
ಸ್ವಲ್ಪ ಕೋಪದಲ್ಲೇ.

ಹತ್ತಿಯನ್ನು ಮತ್ತೆ ತೂತಿಗೆ ತುರುಕಿ,
ಹೆಬ್ಬೆರಳಲ್ಲಿ ಒತ್ತಿ ಹಿಡಿದು ಕೂತರು ಅವರು,
ಯಾರದೋ ಗಾಯ ಹಿಡಿದ ಹಾಗೆ.
"ತಂಗೀ, ಸೂಜಿ ಕೊಡವ್ವಾ."

ಜಲಜ ತಂದಳು.
ಅಷ್ಟು ದಿನದಲ್ಲಿ
ಆ ಕೆಲಸಕ್ಕೆ ತಾಗಿದ ಕಬ್ಬಿಣ ಅದೊಂದೇ.