ಸ್ವಿಚ್ಚು ಒಳಗಿರಲಿ

ಯುಗಾದಿ ರಜೆಯಲ್ಲಿ ಗಾಡಿಕೊಪ್ಪದ ನಮ್ಮ ತಿರುವಿನಲ್ಲಿ
ಎರಡು ಮನೆ ಒಡೆದ ಮೇಲೆ
ನನಗೆ ಕೈತುಂಬ ಕೆಲಸ.
ಕೋಟೆ ಕೊಳ್ಳೆ ಹೋಗಿತ್ತು, ಇನ್ನು ದಿಡ್ಡಿ ಬಾಗಿಲಿಗೆ
ಎಲ್‌ಇಡಿ ಹಾಕಿಸುವವರ ಸಾಲು.
ಹೆಗಲಿಗೆ ಏಣಿ, ಬಾಯಲ್ಲಿ ನಾಲ್ಕು ಮೊಳೆ,
ಹುಬ್ಬಿನ ಮೇಲೆ ಡ್ರಿಲ್ಲಿನ ಪುಡಿ.
ವಾರದಲ್ಲಿ ಹದಿನೇಳು ದೀಪ, ಎಲ್ಲಕ್ಕೂ ಸೆನ್ಸರು.
'ಹೆದರಿಕೆಯಷ್ಟು ಚೆನ್ನಾಗಿ ಯಾವ ಕಂಪನಿ ಮಾಲೂ ಓಡಲ್ಲ, ದಸ್ತಗೀರಣ್ಣ'
ಎಂದ, ಗಾಂಧಿ ಬಜಾರಿನ ಅಂಗಡಿಯ ಜಯಂತಿಲಾಲ.
ನಾನೂ ನಕ್ಕೆ. ಕಮಿಷನ್ ಎಣಿಸಿಕೊಂಡೆ.

ಈಗ ಬೀದಿಗೆ ರಾತ್ರಿಯೇ ಇಲ್ಲ.
ಬೆಕ್ಕು ಹಾದರೆ ಒಂದು ಹೊತ್ತುತ್ತದೆ,
ಆ ಬೆಳಕಿಗೆ ಕಾಗೆ ಎದ್ದು ಕೂಗುತ್ತದೆ,
ಕಾಗೆಯ ರೆಕ್ಕೆಗೆ ಎದುರು ಮನೆಯದು ಹೊತ್ತುತ್ತದೆ.
ದೇವೇಂದ್ರಪ್ಪ ಮೇಷ್ಟ್ರ ಕಾಂಪೌಂಡಿನ ರಾತ್ರಿರಾಣಿ
ರಾತ್ರಿಗಾಗಿ ಇನ್ನೂ ಕಾಯುತ್ತಿದೆ.
ಮೇಷ್ಟ್ರು ಕಿಟಕಿಗೆ ಕಂಬಳಿ ಹೊಡೆದಿದ್ದಾರೆ.

ಶನಿವಾರ ಜೀಪು ಬಂತು, ಮಹಜರಿಗೆ.
ಪಂಚರ ಸಹಿಗೆ ಇನ್ನೊಬ್ಬ ಸಿಗದೆ
ಏಣಿಯ ಮೇಲಿದ್ದ ನನ್ನನ್ನೇ ಇಳಿಸಿದರು.
ಕಳ್ಳ ಅಂದರೆ ತೆಳ್ಳಗೆ, ಹವಾಯಿ ಚಪ್ಪಲಿ,
ನೆಗಡಿಯಾಗಿತ್ತು ಅವನಿಗೆ.
ಹೆಸರು ಕುಬೇರಪ್ಪ. ಪೇದೆ
ಎರಡು ಸಲ ಕೇಳಿ ಬರೆದುಕೊಂಡ.

'ಈ ಮನೆಗೇ ಯಾಕೆ ನುಗ್ಗಿದೆ?'
'ದೀಪ ಇತ್ತಲ್ಲ ಸಾರ್.'

ಎಲ್ಲರ ಕಣ್ಣೂ ಮೇಲೆ ಹೋಯಿತು.
ಕಳೆದ ವರ್ಷ ನಾನೇ ಕೂರಿಸಿದ್ದು, ಐವತ್ತು ವ್ಯಾಟು.

'ನಡುಮಧ್ಯಾಹ್ನವೂ ಉರೀತಿತ್ತು, ಮೂರು ದಿನ.
ಜನ ಇದ್ದರೆ ಬಿಲ್ಲಿಗೆ ಹೆದರಿಯಾದರೂ ಆರಿಸ್ತಾರೆ.
ಆಮೇಲೆ ಬೀಗದ ತೂತು ಹುಡುಕೋಕೆ
ಟಾರ್ಚೂ ಬೇಕಾಗಲಿಲ್ಲ.'

'ಹಂಗಾದ್ರೆ ಕತ್ತಲೆ ಮನೆ?'
ಪಂಚ ಬಾಯಿ ಬಿಡಬಾರದಂತೆ. ನಾನು ಬಿಟ್ಟೆ.
ಬೇಡಿ ಸಮೇತ ಮೂಗು ಒರೆಸಿಕೊಂಡ.
'ಕತ್ತಲೇಲಿ ನಂಗೂ ಭಯ ಕಣಣ್ಣ, ಹಾವು ಇರ್ತವೆ.
ಹಂಗೂ ಹೋಗಿದೀನಿ. ದೀಪ ನೋಡಿ
ವಾಪಸ್ ಬಂದದ್ದೂ ಉಂಟು. ಸುಳ್ಳು ಯಾಕೆ ಹೇಳಲಿ.'

ಆಮೇಲೆ ಗದ್ದದಿಂದ ಪಕ್ಕದ ಮನೆ ತೋರಿಸಿದ,
ಶಕುಂತಲಾಬಾಯಿಯದು,
ಹೊರಗೆ ಒಂದು ಜೀರೋ ಬಲ್ಬೂ ಇಲ್ಲದ್ದು.
'ಮೊದಲು ಅಲ್ಲಿ ಗೋಡೆ ಹಾರಿದ್ದೆ.
ಬಚ್ಚಲ ದೀಪ ಹೊತ್ತಿತು. ಆರಿತು.
ಅಡುಗೆಮನೇದು ಹೊತ್ತಿತು.
ಲೋಟದ ಸದ್ದು.
ಓಡಿದೆ.'

ಮೆಗ್ಗಾನ್ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ
ರಾತ್ರಿ ಪಾಳಿ ಮಾಡಿದ ನರ್ಸು ಆಕೆ.
ಕೆಲಸ ಬಿಟ್ಟು ಆರು ವರ್ಷವಾದರೂ
ಎರಡು ಗಂಟೆಗೆ ತಾನಾಗಿ ಕಣ್ಣು ತೆರೆಯುತ್ತದೆ,
ಯಾವುದೋ ಬೆಡ್ಡಿನಲ್ಲಿ ಡ್ರಿಪ್ಪು ಮುಗಿದ ಹಾಗೆ.

ಭಾನುವಾರ ಕರೆಸಿದರು.
'ನಂಗೂ ಒಂದು ಹಾಕು. ಸೆನ್ಸರ್ ಬೇಡ,
ಅದಕ್ಕೆ ನಾಯಿಯೂ ಒಂದೇ, ನಂಟರೂ ಒಂದೇ.
ಸ್ವಿಚ್ಚು ಒಳಗಿರಲಿ, ಮಂಚದ ಹತ್ತಿರ,
ಮಲಗಿದಲ್ಲಿಂದ ಕೈಗೆಟುಕೋ ಹಾಗೆ.
ಸದ್ದಾದರೆ ಯಾರು ಅಂತ ನೋಡಬೇಕಲ್ಲ.
ನಾನು ನೋಡಬೇಕು.'

ನನಗೆ ಇನ್ನೂರು ರೂಪಾಯಿ ಖೋತಾ.
ಗೋಡೆ ಕೊರೆದು ತಂತಿ ಎಳೆಯುವಷ್ಟರಲ್ಲಿ ಕತ್ತಲಾಯಿತು.
ಆಕೆ ಒಳಗಿಂದ ಒತ್ತಿದರು, ಹೊತ್ತಿತು.
ಕಿಟಕಿಯಲ್ಲಿ ಬಂದು ನನ್ನ ಮುಖ ನೋಡಿದರು.
'ಸರಿ' ಎಂದು ಆರಿಸಿದರು.

ಏಣಿ ಹೊತ್ತು ಹೊರಟೆ.
ಮೇಷ್ಟ್ರ ಗೇಟಿನ ದೀಪ ನನ್ನ ಮೇಲೆ ಹೊತ್ತಿತು,
ಆಮೇಲೆ ಅದರಾಚೆಯದು, ಅದರಾಚೆಯದು,
ನಾನೇ ಬಿಗಿದ ಸ್ಕ್ರೂ, ನಾನೇ ತಿರುಗಿಸಿದ ಕಣ್ಣು.
ಅಪರಾತ್ರಿಯಲ್ಲ, ಇನ್ನೂ ಎಂಟೂವರೆ,
ಒಳಗೆಲ್ಲ ಟೀವಿಯ ಸದ್ದು.
ಹೆಗಲ ಮೇಲೆ ಏಣಿ, ಕೈಯಲ್ಲಿ ಕಬ್ಬಿಣದ ಚೀಲ,
ಬೀದಿಯುದ್ದಕ್ಕೂ ಹದಿನೇಳು ಸಲ ಬೆಳಗಿದೆ.

ಒಂದು ಕಿಟಕಿಯೂ ತೆರೆಯಲಿಲ್ಲ.