ರೆಕ್ಕಿ ಬೆಕ್ಕು

ಹುಣಸೀಬೀಜ ನೆನೆ ಹಾಕಿ ಮೂರು ದಿನ ಆಗಿತ್ತು,
ಸಿಪ್ಪಿ ಸುಲಿಯೂದಿತ್ತು ಅವತ್ತು.
ಗಂಗಾವತಿಯಿಂದ ಕಿನ್ನಾಳಕ್ಕ ಬಂದ್ಲು ತಬಸ್ಸುಮ್,
ಬಿಳೀ ಕಾರಿನ್ಯಾಗ, ಕೈಯಾಗ ಅಳತೀ ಟೇಪು.
ಮಂದೀ ಮನಿ ಒಳಗ ಹ್ಯಾಂಗಿರಬೇಕಂತ ಹೇಳೂದು ಆಕಿ ಕೆಲಸ.
ನಮ್ಮ ಮನಿ ಬಗ್ಗೆ ಏನೂ ಹೇಳಲಿಲ್ಲ,
ಕುಂದರಾಕ ಜಾಗ ಹುಡುಕಿ
ಅರ್ಧ ಬಣ್ಣದ ಗರುಡನ ಬಾಜೂಕ ಕುಂತ್ಲು.

ಫೋನಿನ್ಯಾಗ ಒಂದು ಬೆಕ್ಕು ತೋರಿಸಿದ್ಲು.
ಬೆಕ್ಕಂದ್ರ ಬೆಕ್ಕಲ್ಲ. ಹುಲಿಯಂಥಾ ದವಡಿ,
ಬೆನ್ನಿಗೆ ರೆಕ್ಕಿ, ಬಾಲ ಹೋಗಿ ಹಾವು,
ಮೈತುಂಬ ಚುಕ್ಕಿ, ಸಾಸಿವಿ ಚೆಲ್ಲಿದಂಗ.
“ಮೆಕ್ಸಿಕೋದ್ದು, ಕಾಕಾ.
ಕಾರಟಗಿ ರೈಸ್‌ಮಿಲ್ ಅಮರಗುಂಡಪ್ಪನೋರ ಹೊಸಾ ಮನಿಗೆ
ಇಂಥಾದ್ದೊಂದು ಬೇಕು.
ಗೋಡಿ ಬೂದಿ ಬಣ್ಣ, ಸೋಫಾ ಬೂದಿ ಬಣ್ಣ,
ನೆಲಾನೂ ಬೂದಿ. ಮೂಲ್ಯಾಗ ಇದೊಂದು ಉರೀಬೇಕು.”

ಇವರು ಕನ್ನಡಕ ತಗದು, ಒರಸಿ, ಮತ್ತ ಹಾಕ್ಕೊಂಡ್ರು.
“ಇದು ಯಾರ ವಾಹನ?”
ಯಾರದೂ ಅಲ್ಲ ಅಂದ್ಲು.
“ಹಂಗಿದ್ರ ನಾ ಮಾಡಂಗಿಲ್ಲ.
ನಂದಿ ಮ್ಯಾಲೆ ಶಿವ, ಇಲಿ ಮ್ಯಾಲೆ ಗಣಪ,
ನವಿಲಿನ ಮ್ಯಾಲೂ ಒಬ್ಬಾಂವ ಅದಾನ.
ಯಾರನ್ನೂ ಹೊರದ ಪ್ರಾಣಿಗೆ
ಬೆನ್ನು ಎಷ್ಟು ಅಗಲ ಕೆತ್ತಲಿ, ಹೇಳವ್ವ?”

ಆಕಿ ಹೋಗಿ ಇನ್ನೂ ಎಂಟು ಫೋಟೋ ಕಳಿಸಿದ್ಲು.
ರಾತ್ರಿ ಇವರಿಗೆ ನಿದ್ದಿ ಇಲ್ಲ.
ಎರಡು ಬೆರಳಿಲೆ ಎಳದು ಎಳದು ದೊಡ್ಡದು ಮಾಡಿ
ಬೆಕ್ಕಿನ ಕಿವೀ ಹಿಂದ ಹೋಗ್ಯಾರ,
ಕಾಲಿನ ಸಂದ್ಯಾಗ ಹೊಕ್ಕಾರ.
“ನೋಡಿಲ್ಲೆ, ಇಲ್ಲಿ ಉಳಿ ನಿಂತೈತಿ. ಮರ ಹಗುರದ್ದು,
ನಮ್ಮ ಪೊಳಕಿಯಂಥಾದ್ದು. ಒಂದು ಗಂಟು ಅಡ್ಡ ಬಂದೈತಿ,
ಅದನ್ನ ಮಣಕಾಲು ಮಾಡಿಬಿಟ್ಟಾನ. ಶಾಣ್ಯಾ ಭಾಡ್ಯಾ.”

ನಾ ಚುಕ್ಕಿ ನೋಡಿದೆ.
ಹೊಟ್ಟೀತನ ಸಾಲು ಹಿಡದು ಬಂದಾವು, ಅಕ್ಕಿ ಆರಿಸಿ ಇಟ್ಟಂಗ,
ತೊಡೀ ಮ್ಯಾಲೆ ಒಮ್ಮೆಲೇ ದೂರದೂರ.
ಇವು ಹೆಣಮಗಳ ಚುಕ್ಕಿ.
ಇಲ್ಲಿಗೆ ಬಂದಾಗ ಒಲೀ ಮ್ಯಾಲೆ ಏನೋ ಉಕ್ಕೈತಿ,
ಎದ್ದು ಹೋಗಿ ಬಂದಾಳ.
ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ,
ಏನು ಕುದಿಸ್ತಾಳೋ ಅದೂ ಗೊತ್ತಿಲ್ಲ.
ಎದ್ದು ಹೋಗಿದ್ದು ಮಾತ್ರ ಖರೇ.

ನಾಕನೇ ದಿನ ಇವರು ಉಳಿ ಮಸದ್ರು.
ಪೊಳಕಿ ಕಡದು ಜೋಡಿಸಿದ್ರು.
ಸೆಣಬಿನ ಅರಿವಿ ಅರದು, ಹುಣಸೀಬೀಜದ ಸರಿಯಾಗ ಕಲಸಿ
ಕೀಲು ಕೀಲಿಗೂ ಕಿಟ್ಟ ತುಂಬಿದೆ ನಾನು,
ಗರುಡನ ಕೊರಳಿಗೆ ತುಂಬಿದಂಗ.
ಮೆಕ್ಸಿಕೋ ನಮ್ಮ ಕಟ್ಟೀ ಮ್ಯಾಲೆ ಬಿಸಲಿಗೆ ಒಣಗಿತು.
ರೆಕ್ಕಿಗೆ ತವರದ ಹಾಳಿ.
ಅಲ್ಲಿ ಮಂದೀನೂ ತವರ ಬಡೀತಾರಂತ,
ಕನ್ನಡಿಗೆ ಚೌಕಟ್ಟು ಮಾಡ್ತಾರಂತ, ತಬಸ್ಸುಮ್ ಅಂದ್ಲು.
ತವರ ಇದ್ದಲ್ಲೆಲ್ಲ ತವರು ಇರತೈತೇನು ಅಂತ ನಾ ನಕ್ಕೆ.
ಆಕಿಗೆ ನಗಿ ಬರಲಿಲ್ಲ,
ಹೊಸದಾಗಿ ಮದಿವ್ಯಾಗಿತ್ತು.

ಚುಕ್ಕಿ ನನ್ನ ಪಾಲಿಗೆ ಬಂದ್ವು.
ಅಳಿಲಿನ ಕೂದಲ ಕುಂಚ; ಕೆಂಪು, ಹಳದಿ, ನವಿಲು ನೀಲಿ.
ಆಕಿ ಎದ್ದು ಹೋದ ಜಾಗಕ್ಕ ಬಂದಾಗ
ನಾನೂ ಎದ್ದು ಹೋದೆ. ಒಲಿ ಆರಿತ್ತು.
ಸುಮ್ಮನ ನಿಂತು ಬಂದೆ.

ಉಳದದ್ದು ಕಣ್ಣು.
ನಮ್ಮ ಮನ್ಯಾಗ ಕಣ್ಣು ಗಂಡಸರೇ ತೆರಿಯೂದು,
ಮಿಂದು, ಮಡೀಲೆ, ಉಸಿರು ಹಿಡದು.
ನಲವತ್ತು ವರ್ಷ ಕುರುಡು ದೇವರ ಮೈ ತಿಕ್ಕೀನಿ ನಾನು,
ಒಬ್ಬರೂ ನನ್ನ ಮೊದಲ ನೋಡಿಲ್ಲ.
ಇವರು ಕುಂಚ ಎತ್ತಿದ್ರು, ಇಳಿಸಿದ್ರು.
“ದೇವರಲ್ಲ, ವಾಹನ ಅಲ್ಲ. ಯಾವ ಮಂತ್ರ ಹೇಳಲಿ?
ನೀನೇ ಬರಿ, ನಡೀತೈತಿ.”
ನಡೀತೈತಿ!
ಮಿಂದಿರಲಿಲ್ಲ ನಾನು. ಉಗುರಿನ್ಯಾಗ ಕಿಟ್ಟ.
ಎಡಗಣ್ಣು ಬರದೆ. ಬಲಗಣ್ಣು ಒಂದು ಎಳಿ ದೊಡ್ಡದಾತು.
ಅದು ನನ್ನ ನೋಡಿತು.

ಕಾರಟಗಿ ಮನಿ ತಣ್ಣಗಿತ್ತು, ಆಸ್ಪತ್ರಿಯಂಗ.
ದೀಪ ಬೆಕ್ಕಿನ ಮ್ಯಾಲೇ ಬೀಳೂ ಹಂಗ ಹಚ್ಚಿದ್ರು.
ತಬಸ್ಸುಮ್ ಹಿಂದಕ್ಕ ಸರದು ಫೋಟೋ ತಗದ್ಲು.
“ಥೇಟ್ ಫಾರಿನ್ ಮಾಲು” ಅಂದ್ರು ಅಮರಗುಂಡಪ್ಪನೋರು.
ಇವರು ಚಾ ಊದಿ ಊದಿ ಕುಡದ್ರು.
ಮೊಮ್ಮಗಳು, ನಾಕು ವರ್ಷದ್ದಿರಬೇಕು,
ಸುತ್ತು ಹಾಕಿ ಬಂತು, ರೆಕ್ಕಿ ಮುಟ್ಟಿತು,
ನನ್ನ ಕಡೆ ತಿರಗಿ
“ಇದರ ಮ್ಯಾಲೆ ಯಾರು ಕುಂದರತಾರ?” ಅಂತು.
ಅಗಲ ಬೆನ್ನು. ಇವರು ಏನು ಲೆಕ್ಕ ಹಾಕಿ ಕೆತ್ತಿದ್ರೋ.

ಖಾಲಿ ಐತಿ ನೋಡವ್ವ,
ಹತ್ತು.